ಓನಿಶಿಯವರ ತಾರಷಡ್ಜ

ಚಂದ್ರಮೌಳಿಯ ಕಿವಿಯನ್ನು ನಂಬಿ ಸಂಭಾವಿತರೊಬ್ಬರು ಕೈಯಲ್ಲಿದ್ದ ನೌಕರಿ ಬಿಡಲು ಹೊರಟಿದ್ದರು. ಅದೂ ಎಂಥ ಹೊತ್ತಿನಲ್ಲಿ? ಎರಡು ಸಾವಿರದ ಒಂಬತ್ತನೇ ಇಸವಿಯ ನವೆಂಬರಿನಲ್ಲಿ. ಡೆಟ್ರಾಯಿಟ್ ಸುತ್ತಮುತ್ತ ನೌಕರಿ ಇದ್ದವರು ಅದು ಹಾರಿಹೋಗದಂತೆ ಉಸಿರು ಬಿಗಿಹಿಡಿದು ಕೂತಿದ್ದರು, ಇಲ್ಲದವರು ಮನೆ ಬ್ಯಾಂಕಿಗೆ ಒಪ್ಪಿಸಿ ಊರು ಬಿಡುತ್ತಿದ್ದರು. ಚಂದ್ರಮೌಳಿಯ ಕಿವಿ ಸುಳ್ಳು ಹೇಳಿರಲಿಲ್ಲ, ಪಾಪ, ಅದಕ್ಕೆ ಆ ವಿದ್ಯೆ ಗೊತ್ತೇ ಇಲ್ಲ. ಸುಳ್ಳು ಹೇಳಿದ್ದು ಬಾಯಿ. ಇದು ಗೊತ್ತಿದ್ದವರು ಇಬ್ಬರೇ, ಅವನು ಮತ್ತು ಅವನ ಹೆಂಡತಿ ಪದ್ಮ.

ಅವನ ಕಿವಿಯ ಬಗ್ಗೆ ಸ್ವಲ್ಪ ಹೇಳಬೇಕು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಬಂದ ಚಂದ್ರಮೌಳಿ ವಾರೆನ್ನಿನಲ್ಲಿರುವ ದೊಡ್ಡ ಕಾರು ಕಂಪನಿಯ ಟೆಕ್ನಿಕಲ್ ಸೆಂಟರಿನಲ್ಲಿ ಮಾಡುತ್ತಿದ್ದ ಕೆಲಸ ಒಂದೇ. ಹೊಸ ಕಾರಿನಲ್ಲಿ ಕೂತು, ಎಲ್ಲಿ ಕಿರ್ ಅನ್ನುತ್ತದೆ, ಎಲ್ಲಿ ಗುಂಯ್ ಅನ್ನುತ್ತದೆ ಎಂದು ಪತ್ತೆಹಚ್ಚಿ ಆ ಸದ್ದನ್ನು ಇಲ್ಲವಾಗಿಸುವುದು. ಬೇರೆಯವರಿಗೆ ಕೇಳಿಸದ್ದು ಅವನಿಗೆ ಕೇಳಿಸುತ್ತಿತ್ತು. ಸ್ನೇಹಿತರ ಕಾರು ಹತ್ತಿದರೂ ಸುಮ್ಮನೆ ಕೂರುವ ಜಾತಿಯಲ್ಲ. ಅವನಿಗೆ ಲಿಫ್ಟ್ ಕೊಟ್ಟರೆ ಮರುದಿನ ಕಾರು ಗ್ಯಾರೇಜಿಗೆ ಬಿಡಬೇಕಾಗುತ್ತದೆ ಎಂದು ಕನ್ನಡ ಕೂಟದವರು ತಮಾಷೆ ಮಾಡುತ್ತಿದ್ದರು. ಆ ವರ್ಷದ ವಸಂತದಲ್ಲಿ ಕಂಪನಿ ಸಾವಿರಾರು ಜನರನ್ನು ಮನೆಗೆ ಕಳಿಸಿತು. ಅವರಲ್ಲಿ ಚಂದ್ರಮೌಳಿಯೂ ಒಬ್ಬ.

ನೌಕರಿ ಹೋದ ಮೇಲೆ ಫೋನು ಮೌನವಾಯಿತು. ಪಕ್ಕದ ಕ್ಯೂಬಿಕಲ್ಲಿನವರು ಕೂಡ ಅಂಗಡಿಯಲ್ಲಿ ಸಿಕ್ಕರೆ ತರಕಾರಿ ಆರಿಸುವ ನೆಪದಲ್ಲಿ ಬೆನ್ನು ತಿರುಗಿಸಿದರು. ಅಂಥ ದಿನಗಳಲ್ಲಿ ಫೋನ್ ಮಾಡಿದವರು ಓನಿಶಿ ಒಬ್ಬರೇ.

ಓನಿಶಿ ಜಪಾನಿನ ನಾಗೋಯಾದವರು, ನೋವಾಯ್ ಊರಿನಲ್ಲಿ ಕಾರಿನ ಸೀಟು ತಯಾರಿಸುವ ಜಪಾನಿ ಕಂಪನಿಯ ಎಂಜಿನಿಯರು. ಹೆಂಡತಿ ಯಾಸುಕೊ ನಾಗೋಯಾದಲ್ಲಿ, ಇವರು ಇಲ್ಲಿ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ. ಹಿಂದೊಮ್ಮೆ ಅವರ ಸೀಟಿನಿಂದ ಸದ್ದು ಬರುತ್ತದೆ ಎಂದು ಚಂದ್ರಮೌಳಿ ದೂರಿದ್ದ. ಓನಿಶಿ ವಾರೆನ್ನಿಗೆ ಬಂದು ಇವನ ಜೊತೆ ಹಿಂದಿನ ಸೀಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ಇಡೀ ದಿನ ಕಿವಿಗೊಟ್ಟರು. ಅವರಿಗೆ ಏನೂ ಕೇಳಿಸಲಿಲ್ಲ. ಕೊನೆಗೆ ಚಂದ್ರಮೌಳಿ ತೋರಿಸಿದ ಜಾಗದಲ್ಲಿ ಬಿಚ್ಚಿ ನೋಡಿದರೆ ಒಂದು ಸ್ಪ್ರಿಂಗ್ ಸಡಿಲವಾಗಿತ್ತು. ಅಂದಿನಿಂದ ಓನಿಶಿಯವರಿಗೆ ಇವನ ಕಿವಿಯೆಂದರೆ ಸರ್ವೋಚ್ಚ ನ್ಯಾಯಾಲಯ. ‘ಮೌಳಿ-ಸಾನ್ ಸರಿ ಅಂದರೆ ಸರಿ’ ಎನ್ನುವುದು ಅವರ ಬಾಯಲ್ಲಿ ಕೂತುಬಿಟ್ಟಿತು.

ಫೋನಿನಲ್ಲಿ ಅವರು ಕೇಳಿದ್ದು ಹೀಗೆ: ನಾವು ನಾಲ್ಕು ಜನ ಜಪಾನಿನವರ ಒಂದು ಹೆವಿ ಮೆಟಲ್ ಬ್ಯಾಂಡ್ ಇದೆ. ನಿಮ್ಮ ಬೇಸ್‌ಮೆಂಟಿನಲ್ಲಿ ರೆಕಾರ್ಡಿಂಗ್ ಸಾಮಾನಿದೆ. ನಿಮಗೆ ಈಗ ಸಮಯವೂ ಇದೆ. ನಮ್ಮ ಮೊದಲ ಆಲ್ಬಮ್ಮಿಗೆ ಸೌಂಡ್ ಎಂಜಿನಿಯರ್ ಆಗುತ್ತೀರಾ?

ಚಂದ್ರಮೌಳಿಗೆ ಕಣ್ಣು ತುಂಬಿ ಬಂದದ್ದು ‘ಎಂಜಿನಿಯರ್’ ಎಂಬ ಮಾತಿಗೆ. ಬೇಸ್‌ಮೆಂಟಿನ ಆ ಸಾಮಾನು ಅವನು ಕನ್ನಡ ಕೂಟದ ನಾಟಕಗಳಿಗೆ, ಪದ್ಮಳ ಸಂಗೀತದ ಮಕ್ಕಳು ಹಾಡಿದ ದೇವರನಾಮಗಳ ಸೀಡಿಗೆಂದು ಕೂಡಿಹಾಕಿದ್ದದ್ದು. ಹೆವಿ ಮೆಟಲ್ ಎಂದರೆ ಅವನಿಗೆ ಸೀಸ, ಪಾದರಸ ಅಷ್ಟೇ ಗೊತ್ತಿತ್ತು. ಆದರೂ ಒಪ್ಪಿಕೊಂಡ.

ಬ್ಯಾಂಡಿನ ಹೆಸರು ‘ತೆತ್ಸುಬಿನ್’. ಹಾಗೆಂದರೆ ನೀರು ಕಾಯಿಸುವ ಕಬ್ಬಿಣದ ಕೆಟಲು. ಎಲ್ಲರಿಗೂ ಐವತ್ತರ ಆಸುಪಾಸು, ಎಲ್ಲರೂ ನೋವಾಯಿಯ ಯಾವುದಾದರೊಂದು ಕಂಪನಿಯಲ್ಲಿ ಟೈ ಕಟ್ಟುವವರು. ಗಿಟಾರಿನ ಸಕಾಯಿ ಬ್ರೇಕ್ ವಿಭಾಗದವರು. ಓನಿಶಿ ಹಾಡುಗಾರರು. ಕಾಲೇಜಿನಲ್ಲಿ ಬ್ಯಾಂಡ್ ಇತ್ತಂತೆ, ನೌಕರಿಗೆ ಸೇರುವ ಹಿಂದಿನ ದಿನ ಕೂದಲು ಕತ್ತರಿಸಿಕೊಂಡವರು ಮತ್ತೆ ವೇದಿಕೆ ಹತ್ತಿ ಹಾಡಿರಲಿಲ್ಲ. ಈಗ ಕಂಪನಿಗಳು ಒಬ್ಬೊಬ್ಬರನ್ನೇ ಜಪಾನಿಗೆ ವಾಪಸು ಕರೆಯುತ್ತಿದ್ದವು. ಚದುರಿಹೋಗುವ ಮೊದಲು ಒಂದು ಆಲ್ಬಮ್ ಆಗಬೇಕು ಎಂಬುದು ಅವರ ಹಟ. ಅದಕ್ಕೆ ಹೆಸರನ್ನೂ ಇಟ್ಟಿದ್ದರು. ಜಪಾನಿಯಲ್ಲಿತ್ತು, ನಮ್ಮ ಮಾತಿನಲ್ಲಿ ‘ಮೊದಲ ಕುದಿ’ ಎನ್ನಬಹುದು.

ಬೇಸಗೆಯಿಡೀ ಶನಿವಾರಗಳಂದು ಸ್ಟರ್ಲಿಂಗ್ ಹೈಟ್ಸ್‌ನ ಚಂದ್ರಮೌಳಿಯ ಮನೆ ನಡುಗಿತು. ಡ್ರಮ್ ಶುರುವಾದರೆ ಅಡುಗೆಮನೆಯ ಸ್ಟೀಲ್ ಲೋಟಗಳು ತಾಳ ಹಾಕುತ್ತಿದ್ದವು. ಪದ್ಮ ಗೊಣಗುತ್ತಲೇ ಚಿತ್ರಾನ್ನ ಮಾಡಿ ಕೆಳಗೆ ಕಳಿಸುತ್ತಿದ್ದಳು. ಓನಿಶಿ ಗಂಟಲಿಗೆಂದು ಅವಳ ಮೆಣಸಿನ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿ ತಲೆಬಾಗುತ್ತಿದ್ದರು. ಆ ಕಾರಣಕ್ಕೆ ಅವರ ಮೇಲೆ ಅವಳಿಗೆ ವಿಶೇಷ ಅಭಿಮಾನ.

ತೊಂದರೆ ಇದ್ದದ್ದು ಮೇಲಿನ ಸ್ವರದಲ್ಲಿ. ಓನಿಶಿಯವರದು ದೊಡ್ಡ ಕಂಠ, ಒಳ್ಳೆಯ ಗಡಸು. ಆದರೆ ಆ ಹಾಡುಗಳೆಲ್ಲ ಏರಿ ಏರಿ ಕೊನೆಗೆ ತಾರಷಡ್ಜದಲ್ಲಿ, ಅಂದರೆ ಮೇಲಿನ ‘ಸ’ದಲ್ಲಿ, ನಿಂತು ಕೂಗಬೇಕಾದಂಥವು. ಓನಿಶಿ ಪ್ರತಿ ಸಲವೂ ಅದಕ್ಕೆ ಒಂದೆಳೆ ಕೆಳಗೇ ನಿಂತುಬಿಡುತ್ತಿದ್ದರು. ಅಲ್ಲಿ ನಿಂತಿದ್ದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಮುಖದಲ್ಲಿ ಗುರಿ ಮುಟ್ಟಿದ ಸಂತೋಷ.

“ರೀ, ಪಾಪ ಅವರು ಶ್ರುತಿ ಸೇರ್ತಾ ಇಲ್ಲ. ಇನ್ನೊಂಚೂರು ಮೇಲೆ ಅಂತ ಹೇಳಬಾರ್ದಾ?” ಎಂದು ಪದ್ಮ ಮೆಟ್ಟಿಲ ಮೇಲಿಂದ ಕನ್ನಡದಲ್ಲಿ ಹೇಳುತ್ತಿದ್ದಳು.

“ಹೆವಿ ಮೆಟಲ್ಲಲ್ಲಿ ನಡೆಯತ್ತೆ ಬಿಡೆ.”

“ಸ ಅಂದ್ರೆ ಸ. ಅದರಲ್ಲಿ ಹೆವಿ, ಲೈಟ್ ಅಂತ ಇರತ್ತಾ?”

ಓನಿಶಿ ಹೆಡ್‌ಫೋನ್ ತೆಗೆದು ಇವನ ಕಡೆ ತಿರುಗಿ ಕೇಳುತ್ತಿದ್ದರು. ಅವರ ಇಂಗ್ಲಿಷ್ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿತ್ತು. “ಮೌಳಿ-ಸಾನ್, ಸರಿಯಾಗಿತ್ತಾ?”

“ಸರಿಯಾಗಿತ್ತು” ಎನ್ನುತ್ತಿದ್ದ ಚಂದ್ರಮೌಳಿ.

ಯಾಕೆ ಹಾಗೆಂದ? ಜೀವಮಾನವಿಡೀ ಬೇರೆಯವರ ಸೀಟು, ಬಾಗಿಲು, ಗೇರ್‌ಬಾಕ್ಸಿನಲ್ಲಿ ತಪ್ಪು ಹುಡುಕಿ ಮುಖಕ್ಕೆ ಹೊಡೆದಂತೆ ಹೇಳಿದ ಮನುಷ್ಯ ಇವನು. ಅದಕ್ಕೆ ಎಂದೂ ಹಿಂಜರಿದವನಲ್ಲ. ಆದರೆ ಈಗ ನೌಕರಿ ಹೋಗಿ ಮೆತ್ತಗಾಗಿದ್ದ. ತನ್ನನ್ನು ಇನ್ನೂ ಎಂಜಿನಿಯರ್ ಎಂದು ಕರೆಯುವ ಒಂದೇ ಒಂದು ಬಾಯಿ ಓನಿಶಿಯವರದು. ಅವರ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಇದನ್ನು ದಾಕ್ಷಿಣ್ಯ ಎಂದು ಅವನು ಕರೆದುಕೊಂಡ. ನನ್ನನ್ನು ಕೇಳಿದರೆ ಅದು ಪುಕ್ಕಲುತನ.

ಎಲ್ಲವನ್ನೂ ರೆಕಾರ್ಡ್ ಮಾಡಿದ ಮೇಲೆ ಮಿಕ್ಸಿಂಗ್ ಕೆಲಸ ಅವನ ಒಬ್ಬನದೇ. ಕಂಪ್ಯೂಟರಿನ ಪರದೆಯ ಮೇಲೆ ಓನಿಶಿಯವರ ಧ್ವನಿ ಒಂದು ಗೆರೆಯಾಗಿ ಓಡುತ್ತಿತ್ತು, ಶ್ರುತಿ ಇನ್ನೊಂದು ಗೆರೆಯಾಗಿ ಅದರ ಮೇಲೆ. ನಡುವೆ ಇಷ್ಟೇ ಇಷ್ಟು ಸಂದು. ಒಂದು ಸ್ವರವನ್ನು ಮೌಸಿನಿಂದ ಹಿಡಿದು ಮೇಲಕ್ಕೆ ಎಳೆದ. ಕೇಳಿದ. ಮೈ ಜುಮ್ಮೆಂದಿತು. ಇದೊಂದೇ ಎಂದುಕೊಂಡವನು ಇನ್ನೊಂದಕ್ಕೆ ಕೈ ಹಾಕಿದ. ತಪ್ಪು ಸದ್ದು ಕಂಡಮೇಲೆ ಬಿಟ್ಟು ಎದ್ದು ಅಭ್ಯಾಸವಿಲ್ಲದ ಕೈ ಅದು. ಹಾಡು ಮುಗಿಸಿ ಹಾಡು, ಇಡೀ ಆಲ್ಬಮ್ಮನ್ನು ಹಾಗೆ ತಿದ್ದಿದ. ಗಂಟಲಿನ ಗೊರಗೊರ, ಎಳೆದುಕೊಳ್ಳುವ ಉಸಿರು, ಮಾತಿನ ಒರಟು ಎಲ್ಲವನ್ನೂ ಇದ್ದ ಹಾಗೇ ಬಿಟ್ಟ. ಯಾರೂ ಕಂಡುಹಿಡಿಯಲಾರದಷ್ಟು ನಯವಾಗಿ ಮಾಡಿದ. ವಾರೆನ್ನಿನಲ್ಲಿ ಕೂಡ ಅವನು ಇಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಪದ್ಮ ಬಟ್ಟೆ ಒಗೆಯಲು ಕೆಳಗೆ ಬಂದವಳು ಬುಟ್ಟಿ ಹಿಡಿದುಕೊಂಡೇ ನಿಂತಳು.

“ಯಾರು ಹಾಡಿದ್ದು ಇದು?”

“ಓನಿಶಿ.”

“ಸುಮ್ನೆ ಹೇಳ್ಬೇಡಿ.” ಇನ್ನೂ ಸ್ವಲ್ಪ ಕೇಳಿದಳು. “ನೀವು ಎಳೆದು ಕೂರ್ಸಿದೀರ. ಅವರಿಗೆ ಗೊತ್ತಾ?”

“ಹೇಳ್ತೀನಿ.”

“ಇವತ್ತೇ ಹೇಳಿ” ಎಂದು ಪದ್ಮ ಬುಟ್ಟಿ ಕೆಳಗಿಟ್ಟಳು. ವಾರದ ಕೊನೆಯಲ್ಲಿ ಬಡಾವಣೆಯ ಮಕ್ಕಳಿಗೆಲ್ಲ ಸರಳೆ, ಜಂಟಿ ವರಸೆ ಹೇಳಿಕೊಡುವವಳು ಅವಳು. ಶ್ರುತಿ ನಿಲ್ಲದ ಮಗುವನ್ನು ಮೊದಲ ದಿನವೇ ತಂದೆತಾಯಿಗಳ ಜೊತೆ ವಾಪಸು ಕಳಿಸಿ ನಿಷ್ಠುರ ಕಟ್ಟಿಕೊಂಡವಳು. “ಬೇಜಾರಾಗತ್ತೆ, ಆಗ್ಲಿ. ಹೋಗಿ ಕಲೀತಾರೆ, ಇಲ್ಲಾ ಬೇರೆ ಏನಾದ್ರೂ ಮಾಡ್ತಾರೆ. ಇಲ್ಲದ್ದನ್ನ ಇದೆ ಅಂತ ನಂಬಿಸ್ಬಾರ್ದು ರೀ.”

ಹೇಳುತ್ತೇನೆ, ಹೇಳುತ್ತೇನೆ ಎನ್ನುತ್ತಲೇ ಸೀಡಿ ಅಚ್ಚಾಗಿ ಬಂತು. ನಾಲ್ವರೂ ಬೇಸ್‌ಮೆಂಟಿನಲ್ಲಿ ಚಾಪೆಯ ಮೇಲೆ ಮಂಡಿಯೂರಿ ಕೂತು ಕೇಳಿದರು. ಮೊದಲ ಹಾಡಿನ ಕೂಗು ಮೇಲೇರಿ ಷಡ್ಜಕ್ಕೆ ಬಡಿದು ನಿಂತಾಗ ಓನಿಶಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಹೇಳಿದರು, “ನನ್ನ ಧ್ವನಿ ಹೀಗಿದೆ ಅಂತ ನನಗೆ ಗೊತ್ತಿರಲಿಲ್ಲ. ಈ ಕೋಣೆಯಲ್ಲಿ ಅದು ಬಿಚ್ಚಿಕೊಂಡಿತು.” ಹೊದಿಕೆಯ ಹಿಂದೆ ಚಂದ್ರಮೌಳಿಯ ಹೆಸರು ದಪ್ಪಕ್ಷರದಲ್ಲಿತ್ತು. ಆ ಹೊತ್ತಿನಲ್ಲಿ ಹೇಳಲು ಯಾರಿಂದ ತಾನೇ ಸಾಧ್ಯ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಒಂದು ಸೀಡಿ ನಾಗೋಯಾಕ್ಕೆ ಹೋಯಿತು. ಯಾಸುಕೊ ಕೇಳಿ ಫೋನ್ ಮಾಡಿದರಂತೆ. ಮದುವೆಯಾದ ಹೊಸದರಲ್ಲಿ ಓನಿಶಿ ಸ್ನಾನದ ಮನೆಯಲ್ಲಿ ಹಾಡಿದರೆ ‘ಅಕ್ಕಪಕ್ಕದವರಿದ್ದಾರೆ’ ಎಂದು ಬಾಗಿಲು ಬಡಿದು ನಿಲ್ಲಿಸುತ್ತಿದ್ದವರು ಆಕೆ. “ಇಷ್ಟು ವರ್ಷ ನಿಮ್ಮ ಬಾಯಿ ಮುಚ್ಚಿಸಿದೆ, ಕ್ಷಮಿಸಿ” ಎಂದು ಅತ್ತರಂತೆ. ಇದನ್ನು ಓನಿಶಿ ಹೆಮ್ಮೆಯಿಂದ ಬಂದು ಹೇಳಿದರು. ಆ ದಿನದಿಂದ ಚಂದ್ರಮೌಳಿಗೆ ಊಟ ರುಚಿಸಲಿಲ್ಲ. ನೋಡಿಯೇ ಇರದ ಯಾರೋ ಒಬ್ಬ ಹೆಂಗಸು ತಾನು ಮಾಡದ ತಪ್ಪಿಗೆ ಕ್ಷಮೆ ಕೇಳುವಂತೆ ಮಾಡಿದ್ದ ಅವನು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಅರಗಿಸಿಕೊಳ್ಳುತ್ತಿದ್ದ. ಆದರೆ ಸೀಡಿ ಒಸಾಕಾದ ಒಂದು ಪುಟ್ಟ ರೆಕಾರ್ಡ್ ಕಂಪನಿಯ ಯಜಮಾನರ ಕೈಗೆ ಹೋಯಿತು. ಅವರು ಬೇರೆ ಕೆಲಸಕ್ಕೆಂದು ಶಿಕಾಗೋಗೆ ಬರುವವರಿದ್ದರು. ಶಿಕಾಗೋ ಪಕ್ಕದ ಶಾಮ್‌ಬರ್ಗ್‌ನಲ್ಲಿ ಅಲ್ಲಿಯ ಜಪಾನಿಗಳು ತೆತ್ಸುಬಿನ್‌ನ ಆಲ್ಬಮ್ ಬಿಡುಗಡೆಗೆ ಒಂದು ಶನಿವಾರ ಮಧ್ಯಾಹ್ನ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಲ್ಲಿಗೆ ಬಂದು ಕೇಳುತ್ತೇನೆ, ಒಪ್ಪಿಗೆಯಾದರೆ ಜಪಾನಿನಲ್ಲಿ ಊರೂರು ಸುತ್ತಿ ಹಾಡುವ ಏರ್ಪಾಡು ಮಾಡುತ್ತೇನೆ ಎಂದರು ಆ ಒಸಾಕಾದವರು. ಅದೇ ವಾರ ಓನಿಶಿಯವರ ಕಂಪನಿಯಿಂದ ಬುಲಾವ್ ಬಂತು. ನಾಗೋಯಾದ ಕಚೇರಿಗೆ ಬನ್ನಿ, ಕುರ್ಚಿ ಕಾದಿದೆ, ಬರುತ್ತೀರೋ ಇಲ್ಲವೋ ಸೋಮವಾರದೊಳಗೆ ಹೇಳಿ. ಇಲ್ಲವೆಂದರೆ ನೌಕರಿಯೇ ಇಲ್ಲ. ಐವತ್ತನಾಲ್ಕು ದಾಟಿದವರಿಗೆ ಆ ಕಾಲದಲ್ಲಿ ಇನ್ನೊಂದು ಕುರ್ಚಿ ಎಲ್ಲಿಂದ ಬರಬೇಕು?

ಓನಿಶಿ ಮನೆಗೆ ಬಂದು ಊಟದ ಮೇಜಿನ ಮುಂದೆ ನೆಟ್ಟಗೆ ಕೂತರು.

“ಮೌಳಿ-ಸಾನ್, ಒಂದೇ ವಿಷಯದಲ್ಲಿ ನಿಮ್ಮ ಮಾತು ಬೇಕು. ಹೆಂಡತಿ ಹಾಡಿ ಅಂದಿದ್ದಾಳೆ. ನನಗೂ ಆಸೆ. ಊರೂರಲ್ಲಿ, ದಿನಾ ದಿನಾ, ಆ ಆಲ್ಬಮ್ಮಿನ ಹಾಗೆ ನನ್ನ ಧ್ವನಿ ನಿಲ್ಲುತ್ತದಾ? ಸ್ನೇಹಿತರು ಚೆನ್ನಾಗಿ ಹೇಳುತ್ತಾರೆ. ನೀವು ನಿಜ ಹೇಳುತ್ತೀರಿ. ನೀವು ನಿಲ್ಲುತ್ತದೆ ಅಂದರೆ ನಾಗೋಯಾದ ಕುರ್ಚಿ ಬೇಡ ಅಂತ ಸೋಮವಾರ ಕಂಪನಿಗೆ ಹೇಳುತ್ತೇನೆ.”

ಪದ್ಮ ಬಡಿಸುತ್ತಿದ್ದವಳು ಸೌಟು ಹಿಡಿದು ಗಂಡನನ್ನೇ ನೋಡಿದಳು. ಚಂದ್ರಮೌಳಿ ತಟ್ಟೆಯಲ್ಲಿದ್ದ ಅನ್ನ ಕಲಸತೊಡಗಿದ.

“ಶನಿವಾರದ ಕಾರ್ಯಕ್ರಮ ಆಗ್ಲಿ. ಆಮೇಲೆ ಹೇಳ್ತೀನಿ.”

ಓನಿಶಿ ಹೊರಟ ಮೇಲೆ ಪದ್ಮ ಬಾಗಿಲು ಹಾಕಿ ಬಂದಳು. ಅವಳಿಗೆ ಕೋಪ ಬಂದರೆ ಧ್ವನಿ ಮಂದ್ರಕ್ಕೆ ಇಳಿಯುತ್ತದೆ. “ನಿಮ್ಮ ಕೆಲಸ ಹೋದಾಗ ನಾನು ಒಂದು ಮಾತಾಡ್ಲಿಲ್ಲ. ಅದರಲ್ಲಿ ನಿಮ್ಮ ತಪ್ಪೇನಿರ್ಲಿಲ್ಲ. ಅವರ ಕೆಲಸ ಹೋದ್ರೆ ಅದು ನೀವು ಕಳೆದಿದ್ದು. ಶಾಮ್‌ಬರ್ಗ್‌ಗೆ ಅವರನ್ನ ಕೂರಿಸ್ಕೊಂಡು ನೀವೇ ತಾನೇ ಡ್ರೈವ್ ಮಾಡೋದು? ದಾರೀಲಿ ಹೇಳಿ. ಸ್ಟೇಜ್ ಹತ್ತೋಕೆ ಮುಂಚೆ ಅವರಿಗೆ ಗೊತ್ತಿರ್ಬೇಕು.”

“ಖಂಡಿತ ಹೇಳ್ತೀನಿ.”

ಶನಿವಾರ ಬೆಳಗ್ಗೆ ಹೊರಟರು. ಚಂದ್ರಮೌಳಿಯ ವ್ಯಾನಿನ ಹಿಂದೆ ಡ್ರಮ್ಮುಗಳು, ಮುಂದೆ ಅವನು ಮತ್ತು ಓನಿಶಿ. ಉಳಿದವರು ಇನ್ನೊಂದು ಕಾರಿನಲ್ಲಿ. ಆನ್ ಆರ್ಬರ್ ದಾಟುವಾಗ ಹೇಳೋಣ ಎಂದುಕೊಂಡ, ಅಲ್ಲಿ ಟ್ರಾಫಿಕ್ಕಿತ್ತು. ಜ್ಯಾಕ್ಸನ್ ಬಳಿ ಓನಿಶಿ ಕಣ್ಣು ಮುಚ್ಚಿದ್ದರು. ಕಾಲಮಜೂ ಬಂದಾಗ ಗಂಟಲು ಸರಿಮಾಡಿಕೊಂಡು, “ಓನಿಶಿ-ಸಾನ್, ಆ ಆಲ್ಬಮ್ಮಲ್ಲಿ ನಿಮ್ಮ ಧ್ವನಿ...” ಎಂದು ಶುರುಮಾಡಿಯೇಬಿಟ್ಟ. ಓನಿಶಿ ತಕ್ಷಣ ಅವನತ್ತ ತಿರುಗಿದರು, ಮುಖದ ತುಂಬ ನಗು. “ಹೌದು. ಯಾಸುಕೊ ಬೆಳಗ್ಗೆ ಎದ್ದ ಕೂಡಲೇ ಹಾಕುತ್ತಾಳಂತೆ. ಅನ್ನ ಬೇಯುವ ತನಕ ಕೇಳುತ್ತಾಳಂತೆ.” ಚಂದ್ರಮೌಳಿ ವೈಪರ್ ಹಾಕಿದ. ಮಳೆ ಇರಲಿಲ್ಲ. ಇಂಡಿಯಾನಾ ಬಂತು, ಹೋಯಿತು. ಶಿಕಾಗೋದ ಗೋಪುರಗಳು ಕಂಡವು. ಅಷ್ಟುದ್ದದ ದಾರಿ ತನ್ನ ಒಂದು ವಾಕ್ಯಕ್ಕೆ ಸಾಲಲಿಲ್ಲವಲ್ಲ ಎಂದು ಅವನು ತನ್ನನ್ನು ತಾನೇ ಬೈದುಕೊಂಡ.

ಶಾಮ್‌ಬರ್ಗ್‌ನ ಒಂದು ಹೋಟೆಲಿನ ಪಾರ್ಟಿ ಹಾಲಿನಲ್ಲಿ ಕಾರ್ಯಕ್ರಮ. ಜಪಾನಿ ಸಂಸಾರಗಳು, ಆಫೀಸಿನವರು, ಕಿವಿಗೆ ಹತ್ತಿ ತುರುಕಿಕೊಂಡ ಅಜ್ಜಿಯರು ಮಡಿಸುವ ಕುರ್ಚಿಗಳಲ್ಲಿ ಕೂತಿದ್ದರು. ಒಸಾಕಾದವರು ಮುಂದಿನ ಸಾಲಿನಲ್ಲಿ, ತೆಳ್ಳಗಿನ ಮನುಷ್ಯ, ತೊಡೆಯ ಮೇಲೆ ಕೋಟು. ಚಂದ್ರಮೌಳಿಯ ಮೇಜು ಹಾಲಿನ ಹಿಂಭಾಗದಲ್ಲಿತ್ತು. ಅದರ ಮೇಲೆ ಅವನು ಯಾರಿಗೂ ಹೇಳದೆ ತಂದ ಒಂದು ಪೆಟ್ಟಿಗೆ. ಹಾಡುತ್ತಿರುವಾಗಲೇ ಸ್ವರವನ್ನು ತಿದ್ದುವ ಯಂತ್ರ ಅದು. ಇರಲಿ ಎಂದು ತಂದಿದ್ದ. ಕಳ್ಳನಿಗೆ ಇಂಥ ಮುಂದಾಲೋಚನೆ ಜಾಸ್ತಿ.

ಮೊದಲ ಹಾಡು ಶುರುವಾಯಿತು. ಗಿಟಾರು ಗುಡುಗಿತು, ಮಕ್ಕಳು ಕಿರುಚಿದರು. ಓನಿಶಿ ಚರ್ಮದ ಜಾಕೆಟ್ಟಿನಲ್ಲಿ ಕಾಲಗಲಿಸಿ ನಿಂತಿದ್ದರು. ಕೆಳಗಿನ ಸ್ವರಗಳು ಚೆನ್ನಾಗಿದ್ದವು. ಮೇಲಕ್ಕೆ ಹತ್ತುವ ಜಾಗ ಹತ್ತಿರ ಬರುತ್ತಿತ್ತು. ಚಂದ್ರಮೌಳಿಯ ಬೆರಳು ಪೆಟ್ಟಿಗೆಯ ಬಟನ್ ಮೇಲಿತ್ತು. ಒತ್ತಿದರೆ ಸೋಮವಾರ ಇವರ ನೌಕರಿ ಹೋಗುತ್ತದೆ. ಒತ್ತದಿದ್ದರೆ ಈಗ, ಇಲ್ಲೇ, ಎಲ್ಲರೆದುರು ಮಾನ ಹೋಗುತ್ತದೆ. ಬೆರಳು ತೆಗೆದು ಕೈಯನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡ.

ಒಳ್ಳೆಯದನ್ನೇ ಮಾಡಿದ ಎನ್ನಬೇಕೆ? ನೌಕರಿಯ ಲೆಕ್ಕದಲ್ಲಿ ಇರಬಹುದು. ಆದರೆ ತಾನು ಬಾಯಿ ಬಿಟ್ಟು ಹೇಳಬೇಕಾಗಿದ್ದನ್ನು ತುಂಬಿದ ಸಭೆಯ ಕೈಯಲ್ಲಿ ಹೇಳಿಸಿದ. ಆ ಮನುಷ್ಯನನ್ನು ತಾನೇ ಮೇಲೆ ಹತ್ತಿಸಿ ಏಣಿ ಎಳೆದುಕೊಂಡ.

ಓನಿಶಿ ಎರಡೂ ತೋಳು ಚಾಚಿ ಕೂಗಿದರು. ಸ್ವರ ಏರಿತು, ಏರಿತು, ಒಂದೆಳೆ ಕೆಳಗೆ ನಿಂತಿತು. ಗಿಟಾರು ಮೇಲೆ, ಧ್ವನಿ ಕೆಳಗೆ, ಎರಡೂ ಒಂದನ್ನೊಂದು ಉಜ್ಜಿ ಹಾಲಿನಲ್ಲಿ ಕಿರಿಕಿರಿ ಹರಡಿತು. ಅಜ್ಜಿಯೊಬ್ಬಳು ಹತ್ತಿಯನ್ನು ಇನ್ನೂ ಒಳಕ್ಕೆ ಒತ್ತಿಕೊಂಡಳು. ಸೀಡಿಯನ್ನು ಕೇಳಿ ಕೇಳಿ ಓನಿಶಿಯವರಿಗೆ ಈಗ ತಾರಷಡ್ಜ ಎಲ್ಲಿದೆ ಎಂದು ಗೊತ್ತಾಗಿಬಿಟ್ಟಿತ್ತು. ಅಲ್ಲಿಗೆ ಮುಟ್ಟಲಿಲ್ಲ ಎಂಬುದು ಮೊದಲ ಸಲ ಅವರಿಗೇ ಕೇಳಿಸಿತು. ಅವರು ಹಾಡಿನ ನಡುವೆಯೇ ಹಿಂದಿನ ಮೇಜಿನತ್ತ, ಚಂದ್ರಮೌಳಿಯತ್ತ ನೋಡಿದರು. ಸರಿಯಾಗಿತ್ತಾ ಎಂದು ಕೇಳುವ ಅದೇ ನೋಟ. ಚಂದ್ರಮೌಳಿಯ ತಲೆ ಅಭ್ಯಾಸಬಲದಿಂದ ಹೌದು ಎಂದು ಆಡಿತು. ಆಡಿದ ಮೇಲೆ ಆ ತಲೆಯನ್ನು ಕತ್ತರಿಸಿ ಹಾಕಬೇಕೆನಿಸಿತು ಅವನಿಗೆ.

ಮುಂದಿನ ಹಾಡುಗಳಲ್ಲಿ ಓನಿಶಿ ಇನ್ನಷ್ಟು ಬಲ ಹಾಕಿದರು. ಬಲ ಹಾಕಿದಷ್ಟೂ ಸ್ವರ ಜಾರಿತು. ಕೊನೆಯ ಹಾಡಿನ ಹೊತ್ತಿಗೆ ಕತ್ತಿನ ನರ ಉಬ್ಬಿ, ಗಂಟಲು ಒಡೆದು, ಮೇಲಿನ ಸ್ವರ ಬರುವಲ್ಲೆಲ್ಲ ಮೈಕನ್ನು ಜನರ ಕಡೆ ತಿರುಗಿಸಿದರು. ಜನ ಹಾಡಲಿಲ್ಲ, ಅವರಿಗೆ ಹಾಡು ಗೊತ್ತಿರಲಿಲ್ಲ. ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರ್ಯಾದಸ್ಥರ ಊರು. ಒಸಾಕಾದವರೂ ತಟ್ಟಿದರು. ಸಕಾಯಿಯವರ ಹತ್ತಿರ ಹೋಗಿ ಎರಡು ಮಾತಾಡಿ, ತಲೆಬಾಗಿ, ಕೋಟು ಹಾಕಿಕೊಂಡು ಹೊರಟುಹೋದರು.

ಚಂದ್ರಮೌಳಿ ನೆಲದ ಮೇಲೆ ಕೂತು ವೈರುಗಳನ್ನು ಸುತ್ತುತ್ತಿದ್ದಾಗ ಎದುರಿಗೆ ಎರಡು ಬೂಟುಗಳು ಬಂದು ನಿಂತವು. ತಲೆಯೆತ್ತಿದ. ಓನಿಶಿ ಜಾಕೆಟ್ ತೆಗೆದಿದ್ದರು, ಒಳಗಿನ ಬಿಳಿ ಅಂಗಿ ಒದ್ದೆಯಾಗಿತ್ತು. ಅವನು ಎದ್ದು ನಿಲ್ಲುವಷ್ಟರಲ್ಲಿ ಅವರು ಸೊಂಟದಿಂದ ಬಾಗಿದರು. ಬಾಗಿದವರು ಏಳಲೇ ಇಲ್ಲ.

“ಕ್ಷಮಿಸಿ ಮೌಳಿ-ಸಾನ್. ನೀವು ಅಷ್ಟು ಚೆನ್ನಾಗಿ ಆಲ್ಬಮ್ ಮಾಡಿಕೊಟ್ಟಿರಿ. ಇವತ್ತು ನಾನು ಅದರ ಮರ್ಯಾದೆ ಕಳೆದೆ. ನಿಮ್ಮ ಹೆಸರೂ ಅದರ ಮೇಲಿದೆ.”

ಚಂದ್ರಮೌಳಿ ಅವರ ಭುಜ ಹಿಡಿದು ಎತ್ತಲು ನೋಡಿದ. “ಏಳಿ. ದಯವಿಟ್ಟು ಏಳಿ. ತಪ್ಪು ನಂದು, ನಿಮ್ಮದಲ್ಲ.”

“ಇಲ್ಲ. ನನ್ನದು.”

“ಅಲ್ಲ ಓನಿಶಿ-ಸಾನ್, ಕೇಳಿ. ಆಲ್ಬಮ್ಮಲ್ಲಿರೋದು ನಿಮ್ಮ ಧ್ವನಿ ಅಲ್ಲ. ನಿಮ್ಮದೇ, ಆದ್ರೆ ನಾನು ಅದನ್ನ ಕಂಪ್ಯೂಟರಲ್ಲಿ ತಿದ್ದಿದೀನಿ. ಮೇಲಿನ ಸ್ವರ ಎಲ್ಲಾ ನಾನು ಎಳೆದು ಕೂರ್ಸಿದ್ದು. ನೀವು ಬೇಸ್‌ಮೆಂಟಲ್ಲೂ ಇವತ್ತಿನ ಹಾಗೇ ಹಾಡಿದ್ರಿ. ಆಗ್ಲೂ ಮುಟ್ಟಿರ್ಲಿಲ್ಲ. ಸರಿಯಾಗಿತ್ತು ಅಂತ ನಾನು ಸುಳ್ಳು ಹೇಳಿದೆ.”

ಕೊನೆಗೂ ಹೇಳಿದ್ದ. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದೆಲ್ಲ ಒಂದೇ ಉಸಿರಿಗೆ ಹೊರಬಿತ್ತು. ಬೈಯಲಿ, ಹೊಡೆಯಲಿ ಎಂದು ನಿಂತುಕೊಂಡ.

ಓನಿಶಿ ನಿಧಾನವಾಗಿ ನೆಟ್ಟಗಾದರು. ಅವನ ಮುಖವನ್ನೇ ನೋಡಿದರು. ಅವರ ಕಣ್ಣು ತುಂಬಿಕೊಂಡಿತು, ಆದರೆ ಅದು ಕೋಪದ ನೀರಲ್ಲ.

“ನಮ್ಮ ದೇಶದಲ್ಲೂ ಹೀಗೆ ಮಾಡುತ್ತಾರೆ” ಎಂದರು. “ಸ್ನೇಹಿತನ ಮಾನ ಉಳಿಸಲು ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಾರೆ. ನೀವು ಇಷ್ಟು ದೊಡ್ಡ ಸುಳ್ಳು ಹೇಳಬೇಕಾಗಿರಲಿಲ್ಲ.”

“ಇದು ಸುಳ್ಳಲ್ಲ. ಮೊದಲಿನ ರೆಕಾರ್ಡಿಂಗ್ ಈ ಲ್ಯಾಪ್‌ಟಾಪಲ್ಲೇ ಇದೆ. ಈಗ್ಲೇ ಕೇಳಿಸ್ತೀನಿ.” ಚಂದ್ರಮೌಳಿ ಮೇಜಿನತ್ತ ಹೊರಟ. ಓನಿಶಿ ಅವನ ತೋಳು ಹಿಡಿದು ನಿಲ್ಲಿಸಿದರು. ಹಿಡಿತ ಗಟ್ಟಿಯಾಗಿತ್ತು.

“ಬೇಡ” ಎಂದರು. “ನಾಗೋಯಾಕ್ಕೆ ಬರುತ್ತೇನೆ ಅಂತ ಸೋಮವಾರ ಕಂಪನಿಗೆ ಹೇಳುತ್ತೇನೆ. ಒಂದು ಬೇಸಗೆ ನನಗೆ ಆ ಧ್ವನಿ ಬಂದಿತ್ತು, ಆಮೇಲೆ ಹೋಯಿತು. ಬಂದಾಗ ನೀವು ಹಿಡಿದಿಟ್ಟಿರಿ, ಅದಕ್ಕೆ ಥ್ಯಾಂಕ್ಸ್. ಯಾಸುಕೊ ದಿನಾ ಕೇಳುತ್ತಾಳೆ. ನನಗೆ ಅಷ್ಟು ಸಾಕು.”

ಅವರು ನಂಬಲಿಲ್ಲವೋ, ನಂಬುವುದು ಅವರಿಗೆ ಬೇಕಾಗಿರಲಿಲ್ಲವೋ, ಚಂದ್ರಮೌಳಿಗೆ ತಿಳಿಯಲಿಲ್ಲ. ಲ್ಯಾಪ್‌ಟಾಪ್ ಎರಡು ಹೆಜ್ಜೆ ಆಚೆಗಿತ್ತು. ತೋಳು ಬಿಡಿಸಿಕೊಂಡು ಹೋಗಬಹುದಿತ್ತು. ಅವರ ನೌಕರಿಯಂತೂ ಉಳಿದಿತ್ತು. ಇನ್ನು ಆ ಧ್ವನಿಯನ್ನು ಕೇಳಿಸಿದರೆ ಲಾಭವಿದ್ದದ್ದು ಒಬ್ಬನಿಗೆ ಮಾತ್ರ, ಅವನ ಎದೆಯ ಭಾರ ಇಳಿಯುತ್ತಿತ್ತು. ಅದಕ್ಕಾಗಿ ನಾಗೋಯಾದ ಒಂದು ಅಡುಗೆಮನೆಯಲ್ಲಿ ಬೆಳಗಿನ ಹಾಡು ನಿಲ್ಲಬೇಕಾಗುತ್ತಿತ್ತು. ಚಂದ್ರಮೌಳಿ ಮತ್ತೆ ನೆಲದ ಮೇಲೆ ಕೂತು ವೈರು ಸುತ್ತತೊಡಗಿದ. ಓನಿ‌ಶಿಯೂ ಪಕ್ಕದಲ್ಲಿ ಕೂತು ಇನ್ನೊಂದು ತುದಿ ಹಿಡಿದುಕೊಂಡರು.

ಆ ರಾತ್ರಿ ಚಂದ್ರಮೌಳಿ ಶಾಮ್‌ಬರ್ಗ್‌ನಲ್ಲೇ ವಾಸವಾಗಿದ್ದ ತನ್ನ ಮಗಳು ತನ್ಮಯಿಯ ಅಪಾರ್ಟ್‌ಮೆಂಟಿನಲ್ಲಿ ಉಳಿದುಕೊಂಡ. “ಡ್ಯಾಡ್, ಆರ್ ಯು ಓಕೆ?” ಎಂದು ಅವಳು ಕೇಳಿದ್ದಕ್ಕೆ ಗಂಟಲು ನೋವು ಎಂದ. ಮರುದಿನ ಓನಿಶಿ ಸಕಾಯಿಯವರ ಕಾರಿನಲ್ಲಿ ಹೋದರು, ಇವನು ಡ್ರಮ್ಮುಗಳ ಜೊತೆ ಒಬ್ಬನೇ ಹಿಂದಿರುಗಿದ. ದಾರಿಯುದ್ದಕ್ಕೂ ರೇಡಿಯೋ ಹಾಕಲಿಲ್ಲ.

ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಪದ್ಮ ಸಂಗೀತದ ಮಕ್ಕಳನ್ನು ಆಗತಾನೇ ಕಳಿಸಿ ಶ್ರುತಿಪೆಟ್ಟಿಗೆ ಮುಚ್ಚುತ್ತಿದ್ದಳು. ಅವನು ಬೂಟು ಕಳಚುವ ತನಕ ಕಾದಳು.

“ಹೇಳಿದ್ರಾ?”

“ಹೇಳಿದೆ. ಎಲ್ಲಾ ಆದ್ಮೇಲೆ ಹೇಳಿದೆ.”

“ನೌಕರಿ?”

“ಬಿಡಲ್ವಂತೆ. ವಾಪಸ್ ಹೋಗ್ತಾರೆ.”

ಪದ್ಮ ಉಸಿರು ಬಿಟ್ಟಳು. ಒಳಗೆ ಹೋಗಿ ನೀರು ತಂದು ಅವನ ಕೈಗೆ ಕೊಟ್ಟಳು. ಅವನು ಕುಡಿಯಲಿಲ್ಲ, ಲೋಟ ಹಿಡಿದುಕೊಂಡು ಕೂತ.

“ನೀವು ಹೇಳಿದ್ದಕ್ಕೆ ಅವರು ಏನಂದ್ರು?”

“ಥ್ಯಾಂಕ್ಸ್ ಅಂದ್ರು.”